ಕೌಂಟರ್ ಸಹಿ

ಮೂಡುಬಿದಿರೆ
17-1-2026

ಪ್ರೀತಿಯ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ಹೊಸ ಲಾರಿಯ ಪರ್ಮಿಟ್ ಬಗ್ಗೆ ನೀವು ಭಾನುವಾರ ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಮುಂದಿನ ಭಾನುವಾರ ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಾರ್ಡನ್ ಮೇಡಂ ಎದುರಿನ ಕುರ್ಚಿಯಲ್ಲೇ ಕೂತಿರುತ್ತಾರೆ, ಹಿಂದೆ ಕ್ಯೂ, ಐದು ನಿಮಿಷ ಆಗುವಾಗ ಪೆನ್ನಿನಿಂದ ಮೇಜಿಗೆ ಕುಟ್ಟುತ್ತಾರೆ. ಆ ಶಬ್ದ ಶುರುವಾಗುವ ಮೊದಲೇ ನನಗೆ ಹೆದರಿಕೆಯಾಗಿ ಮಾತು ಮರೆತುಹೋಗುತ್ತದೆ. ಲಾ ಫಸ್ಟ್ ಇಯರ್‌ನವರಿಗೆ ಮೊಬೈಲ್ ಇಲ್ಲ ಎಂಬ ನಿಯಮ ಇರುವವರೆಗೆ ಕಾಗದವೇ ಗತಿ.

ಕನ್ನಡ ತಪ್ಪಿದ್ದರೆ ನಗಬೇಡಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿಟ್ಟು ಇಂಗ್ಲಿಷ್ ಕಲಿಸಿದವರು ನೀವೇ. ಈಗ ನನಗೆ ಎರಡೂ ಅರ್ಧರ್ಧ ಉಂಟು. ಮನೆಯಲ್ಲಿ ಬ್ಯಾರಿ ಮಾತಾಡುವ ನಾವು ಕನ್ನಡದಲ್ಲಿ ಬರೆದುಕೊಳ್ಳುವಾಗ, ಇಬ್ಬರೂ ಇಸ್ತ್ರಿ ಅಂಗಿ ಹಾಕಿ ಫೋಟೋಕ್ಕೆ ಕೂತ ಹಾಗೆ ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಹಳೆಯ ಟೆಂಪೊ ಸಣ್ಣದು, ಅದಕ್ಕೆ ಪರ್ಮಿಟೇ ಬೇಡವಾಗಿತ್ತು. ಅದಕ್ಕೇ ಇಷ್ಟು ವರ್ಷ ಕಾಸರಗೋಡಿಗೆ ಹೋಗಿ ಬಂದರೂ ಯಾರೂ ಕೇಳಲಿಲ್ಲ. ಈಗಿನ ಲಾರಿ ದೊಡ್ಡದು, ಅದರ ಪರ್ಮಿಟ್ ಕರ್ನಾಟಕಕ್ಕೆ ಮಾತ್ರ. ಗಡಿ ದಾಟಬೇಕಾದರೆ ಪರ್ಮಿಟಿಗೆ ಕೌಂಟರ್ ಸಹಿ ಆಗಬೇಕು. ಸೀನಿಯರ್ ಒಬ್ಬರ ಹತ್ತಿರ ಕೇಳಿ ಖಚಿತ ಮಾಡಿದ್ದೇನೆ. ಅಷ್ಟೇ, ಬೇರೇನೂ ಇಲ್ಲ. ಸಂವಿಧಾನದ 301ನೇ ಆರ್ಟಿಕಲ್‌ನಲ್ಲಿ ಇಡೀ ಭಾರತದಲ್ಲಿ ವ್ಯಾಪಾರ, ವಾಣಿಜ್ಯ, ಹೋಗಿ ಬರುವುದು ಎಲ್ಲ ಫ್ರೀ ಅಂತ ಬರೆದಿದೆ. ಕ್ಲಾಸಿನಲ್ಲಿ ಅದನ್ನು ಓದಿದಾಗ ನನ್ನ ಕಣ್ಣಿಗೆ ನಿಮ್ಮ ಲಾರಿಯೇ ಕಂಡಿತು.

ಸ್ಟಡಿ ಅವರ್ ಬೆಲ್ ಆಯಿತು. ಪರೀಕ್ಷೆ ಜೂನ್‌ನಲ್ಲಿ, ಈಗಲೇ ಓದಲಿಕ್ಕೆ ಕೂರಿಸುತ್ತಾರೆ. ಉಮ್ಮನಿಗೆ ಸಲಾಂ.

ನಿಮ್ಮ
ಫಾಹಿಮಾ


ವಿಟ್ಲ
2-2-2026

ಮಗಳು ಫಾಹಿಮಾಳಿಗೆ ಉಪ್ಪನ ಸಲಾಂ.

ಕಾಗದ ಸಿಕ್ಕಿತು. ಒತ್ತಕ್ಷರ ಒಂದೆರಡು ಕಡೆ ಜಾರಿದೆ, ಉಳಿದದ್ದು ಚೆನ್ನಾಗಿ ಉಂಟು. ಉಮ್ಮನಿಗೆ ಓದಿ ಹೇಳಿದೆ. ಫೋಟೋದ ಮಾತು ಬಂದಾಗ, "ಹಾಗಾದರೆ ನನ್ನನ್ನು ಯಾಕೆ ನಡುವಿನಲ್ಲಿ ಕೂರಿಸಲಿಲ್ಲ, ಕೇಳಿ ಅವಳ ಹತ್ತಿರ" ಎಂದಳು.

ಕೌಂಟರ್ ಸಹಿ ಆಯಿತು. ಆರ್.ಟಿ.ಒ. ಆಫೀಸಿನಲ್ಲಿ ಕೌಂಟರ್ ಒಂದಲ್ಲ, ಸಾಲಿಗೆ ಉಂಟು. ಯಾವ ಕೌಂಟರ್ ಎಂದು ನೀನು ಬರೆಯಲಿಲ್ಲ. ಜನ ಕಡಿಮೆ ಇದ್ದದ್ದರ ಎದುರು ನಿಂತೆ. ಅಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳು. "ಎಂತ ಆಗ್ಬೇಕಿತ್ತು?" ಎಂದು ಕೇಳಿದಳು. ಪರ್ಮಿಟಿಗೆ ಸಹಿ ಎಂದೆ. "ಅರ್ಜಿ ಕೊಟ್ಟಿದ್ದೀರಾ?" ಎಂದಳು. ಅಲ್ಲೇ ನಿಂತು ಬರೆದುಕೊಟ್ಟೆ. ಅವಳು ಪ್ರತಿಯ ಮೇಲೆ ಸೀಲ್ ಹೊಡೆದು ಸಹಿ ಹಾಕಿ, "ಮುಂದಿನದ್ದು ತಿಳಿಸ್ತೇವೆ" ಎಂದಳು. ಸಹಿ ಆದ ಮೇಲೆ ಮುಂದಿನದ್ದು ಎಂತ ಉಂಟು ಎಂದು ಬಂದುಬಿಟ್ಟೆ. ಅದನ್ನು ಲ್ಯಾಮಿನೇಷನ್ ಮಾಡಿಸಿ ಲಾರಿಯ ಗ್ಲಾಸಿನ ಹತ್ತಿರ ಇಟ್ಟಿದ್ದೇನೆ. ದೂರದಿಂದಲೇ ಸೀಲ್ ಕಾಣುತ್ತದೆ.

ಬೆಳುವಾಯಿಯ ಸೇಸಮ್ಮ ಈ ಸಲ ಭತ್ತ ಕೊಯ್ದ ಗದ್ದೆಗೆಲ್ಲ ಸೌತೆ ಹಾಕಿದ್ದಾರೆ. ಕಾಸರಗೋಡಿನ ವ್ಯಾಪಾರಿ ನಿಝಾಮ್ ವಿಷು ಹಬ್ಬಕ್ಕೆ ಇಡೀ ಲೋಡ್ ಬೇಕು ಎಂದಿದ್ದಾನೆ. ವಿಷುವಿನ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡುವ ಕಣಿಯಲ್ಲಿ ಅಲ್ಲಿಯವರಿಗೆ ಹಳದಿ ಸೌತೆ ಇರಲೇಬೇಕು. ಒಂದು ದಿನ ಕಳೆದರೆ ಅದೇ ಕಾಯಿ ಸಾಂಬಾರಿಗೆ. ಈ ಲೋಡನ್ನು ನೆಚ್ಚಿಯೇ ನಾನು ಲಾರಿ ಕೊಂಡದ್ದು. ಈ ಮಾತನ್ನು ಉಮ್ಮನಿಗೆ ಓದಿ ಹೇಳುವುದಿಲ್ಲ. ನೀನೂ ಹೇಳಬೇಡ.

ಬೆಳುವಾಯಿಗೆ ಹೋಗುವುದು ನಿನ್ನ ಹಾಸ್ಟೆಲಿನ ಎದುರಿನಿಂದಲೇ. ಗೇಟಿನ ಹತ್ತಿರ ಎರಡು ಹಾರ್ನ್ ಕೇಳಿದರೆ ನಾನು ಎಂದು ತಿಳಿದುಕೋ. ನಿಲ್ಲಿಸುವುದಿಲ್ಲ. ಭೇಟಿಯ ದಿನ ಅಲ್ಲದೆ ನಿಲ್ಲಿಸಿದರೆ ಬೈಗುಳ ನಿನಗೆ.

ಇತಿ ನಿನ್ನ ಉಪ್ಪ
ಅಬ್ದುಲ್ ರವೂಫ್


ಮೂಡುಬಿದಿರೆ
6-4-2026

ವಸು,

ಜಾಂಡಿಸ್ ಹೇಗುಂಟು? ಕಣ್ಣು ಬಿಳಿ ಆಯಿತಾ? ನಿನ್ನ ಮಂಚದ ಮೇಲೆ ನನ್ನ ಪುಸ್ತಕ ಹರಡಿದ್ದೇನೆ. ಖಾಲಿ ಕಂಡರೆ ಬೇರೆ ಯಾರನ್ನಾದರೂ ತಂದು ಹಾಕುತ್ತಾರೆ.

ನನ್ನಿಂದ ದೊಡ್ಡ ತಪ್ಪಾಗಿದೆ ವಸು. ಇವತ್ತು ಮೂಟ್ ಕೋರ್ಟ್ ವಾದಸ್ಪರ್ಧೆಯ ತಯಾರಿಯ ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಎರಡು ಚೌಕ ಬರೆದರು. ಒಂದು ಕರ್ನಾಟಕ, ಇನ್ನೊಂದು ಕೇರಳ. ಈ ಚೌಕದಲ್ಲಿ ಕೊಟ್ಟ ಪರ್ಮಿಟ್ ಆ ಚೌಕದಲ್ಲಿ ನಡೆಯಬೇಕಾದರೆ ಆ ಚೌಕದ ಅಧಿಕಾರಿ ಒಪ್ಪಿ ಅದರ ಮೇಲೆ ಸಹಿ ಹಾಕಬೇಕು, ಅದು ಕೌಂಟರ್‌ಸಿಗ್ನೇಚರ್ ಅಂದರು. ನಾನು ಉಪ್ಪನಿಗೆ ‘ಕೌಂಟರ್ ಸಹಿ’ ಅಂತ ಬರೆದಿದ್ದೆ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಅವರು ಕೌಂಟರಿಗೆ ಹೋಗಿ ಸಹಿ ತಂದಿದ್ದಾರೆ! ಅರ್ಜಿ ತಲುಪಿತು ಅಂತ ಹಾಕಿಕೊಟ್ಟ ಸಹಿ ಅದು. ಪೆರ್ನಾಲ್ ಹಬ್ಬಕ್ಕೆ ಮನೆಗೆ ಹೋದಾಗ ಲಾರಿಯಲ್ಲಿ ನೋಡಿದ್ದೆ. ಉಪ್ಪ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ನಾನು ದೊಡ್ಡ ವಕೀಲೆಯ ಹಾಗೆ ತಲೆ ಆಡಿಸಿದೆ. ನನಗೆ ಆಗ ಎಂತ ಗೊತ್ತಿತ್ತು? ಸೀಲ್ ಉಂಟಲ್ಲ ಅಂತ ನೋಡಿದೆ.

ಕ್ಲಾಸ್ ಬಿಟ್ಟ ಕೂಡಲೇ ವಾರ್ಡನ್ ಅನ್ನಪೂರ್ಣೇಶ್ವರಿ ಮೇಡಂ ಹತ್ತಿರ ಓಡಿದೆ.

"ಮೇಡಂ, ಮನೆಗೊಂದು ಫೋನ್."

"ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ ಮೇಡಂ. ಅದು... ಪರ್ಮಿಟ್..."

"ಎಂತ ಪರ್ಮಿಟ್?"

ಹಿಂದೆ ಸೀನಿಯರ್ಸ್ ನಿಂತಿದ್ದರು. ಯಾರೋ ನಕ್ಕರು, ನನಗೇ ಅಂತ ಅನಿಸಿತು. "ಏನಿಲ್ಲ ಮೇಡಂ" ಅಂತ ಹೇಳಿ ಬಂದೆ. ಬಂದುಬಿಟ್ಟೆ, ನೋಡು. ಉಪ್ಪನಿಗೆ ಕಾಗದ ಬರೆದು ಪೋಸ್ಟಿಗೆ ಹಾಕಿದ್ದೇನೆ. ವಿಷು ಮುಂದಿನ ವಾರ.

ಮೂಟಿನಲ್ಲಿ ನನಗೆ ಬಂದದ್ದು ಸರ್ಕಾರದ ಕಡೆ. ‘ಪರ್ಮಿಟ್ ನಿಯಮದಿಂದ ವ್ಯಾಪಾರದ ಸ್ವಾತಂತ್ರ್ಯಕ್ಕೆ ಧಕ್ಕೆ ಇಲ್ಲ’ ಅಂತ ನಾನು ವಾದಿಸಬೇಕಂತೆ.

ಬರೆಯುತ್ತಾ ಇರುವಾಗಲೇ ಗೇಟಿನ ಕಡೆ ಎರಡು ಹಾರ್ನ್ ಕೇಳಿತು. ಬೆಳುವಾಯಿಗೆ ಹೋಗುವಾಗಿನದ್ದೋ, ತುಂಬಿಸಿ ಬರುವಾಗಿನದ್ದೋ ಗೊತ್ತಾಗಲಿಲ್ಲ. ಕಿಟಕಿಯಿಂದ ಕಾಂಪೌಂಡ್ ಗೋಡೆ ಮಾತ್ರ ಕಾಣುತ್ತದೆ.

ಫಾಹಿ


ಪೆರ್ಲದ ಹತ್ತಿರ, ಲಾರಿಯಲ್ಲಿ ಕೂತು
9-4-2026

ಮಗಳೇ,

ಗಾಬರಿಯಾಗಬೇಡ. ಲಾರಿಯನ್ನು ಗಡಿ ದಾಟಿದ ಮೇಲೆ ನಿಲ್ಲಿಸಿ ಇಟ್ಟಿದ್ದಾರೆ. ನಿನ್ನ ಎರಡನೆಯ ಕಾಗದ ಬಂದಿದೆ ಎಂದು ಉಮ್ಮ ಹೇಳಿದಳು. ಅವಳಿಗೆ ಓದಲು ಬರುವುದಿಲ್ಲವಲ್ಲ, ಆಚೆ ಮನೆಯವರಿಂದ ಓದಿಸಿ ಹೇಳಿದಳು. ಅಷ್ಟರಲ್ಲಿ ನಾನು ಇಲ್ಲಿ ಬಂದು ಆಗಿತ್ತು.

ಅಧಿಕಾರಿ ಮಲಯಾಳದಲ್ಲಿ ಕೇಳಿದರು, ನಾನು ಬ್ಯಾರಿಯಲ್ಲಿ ಹೇಳಿದೆ, ಇಬ್ಬರಿಗೂ ಅರ್ಥವಾಯಿತು. ಕಾಗದ ಒಂದೇ ಅರ್ಥವಾಗಲಿಲ್ಲ. "ಇದು ನೀವು ಅರ್ಜಿ ಕೊಟ್ಟದ್ದಕ್ಕೆ ಪುರಾವೆ. ಇದನ್ನು ಯಾಕೆ ಕಾಕ ಲ್ಯಾಮಿನೇಷನ್ ಮಾಡಿಸಿದ್ದು?" ಎಂದು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

ನಾನು 301ರ ಮಾತು ಹೇಳಿದೆ. "ಭಾರತದಲ್ಲಿ ವ್ಯಾಪಾರ ಫ್ರೀ ಅಲ್ಲವಾ ಸಾರ್? ನನ್ನ ಮಗಳು ಲಾ ಓದುತ್ತಿದ್ದಾಳೆ" ಎಂದೆ. "ವ್ಯಾಪಾರ ಫ್ರೀ ಕಾಕ, ಗಾಡಿ ಫ್ರೀ ಅಲ್ಲ" ಎಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆ ಹೊತ್ತಿಗೆ ಬೇರೇನು ಮಾಡುವುದು?

ನಿಝಾಮ್ ಬೇರೆ ಗಾಡಿ ತರುತ್ತೇನೆ ಎನ್ನುತ್ತಾನೆ. ಕೇಸ್ ತೀರುವವರೆಗೆ ಇಳಿಸುವ ಹಾಗಿಲ್ಲ. ಕೇಸ್ ತೀರಲಿಕ್ಕೆ ದಂಡ ಕಟ್ಟಬೇಕು. ದಂಡ ಕಟ್ಟಲಿಕ್ಕೆ ಮೇಲಿನ ಆಫೀಸಿನಿಂದ ಕಾಗದ ಬರಬೇಕು. ಎದುರಿಗೆ ರಜೆಗಳುಂಟು. ಲಾರಿಯ ಮುಖ ಕಾಸರಗೋಡಿಗೆ, ಬೆನ್ನು ವಿಟ್ಲಕ್ಕೆ. ಎರಡಕ್ಕೂ ಹೋಗಲಿಕ್ಕಿಲ್ಲ.

ಸೌತೆ ಚೆನ್ನಾಗಿ ಉಂಟು. ಸೇಸಮ್ಮ ಒಂದೊಂದನ್ನೂ ಬೈಹುಲ್ಲಿನಲ್ಲಿ ಮಗುವಿನ ಹಾಗೆ ಮಲಗಿಸಿ ಕೊಟ್ಟಿದ್ದಾರೆ.

ನಿನ್ನದು ತಪ್ಪಲ್ಲ. ಒಂದೇ ಕೇಳುವುದು. 301ರಲ್ಲಿ ನೀನು ಬರೆದದ್ದು ಬಿಟ್ಟು ಇನ್ನೇನಾದರೂ ಇದ್ದರೆ ಪೂರ್ತಿ ಬರೆದು ಕಳಿಸು. ಇವರಿಗೆ ಸರಿಯಾಗಿ ಹೇಳುವ.

ನಿನ್ನ ಉಪ್ಪ


ಬೆಳ್ತಂಗಡಿ
16-4-2026

ಎಂತದು ಮಾರಾಯ್ತಿ,

ನಿನ್ನ ಕಾಗದ ಎರಡೂ ಒಟ್ಟಿಗೆ ಸಿಕ್ಕಿತು. ಇಲ್ಲಿ ನನಗೆ ಉಪ್ಪಿಲ್ಲದ ಗಂಜಿ, ಅಲ್ಲಿ ನಿನಗೆ ಉಪ್ಪನದ್ದೇ ಚಿಂತೆ. ನಗು ಬರಲಿಲ್ಲವಾ? ಸರಿ ಬಿಡು. ನಿನ್ನೆ ಬಿಸು ಹಬ್ಬಕ್ಕೆ ಅಮ್ಮ ಕಣಿ ಇಟ್ಟಿದ್ದರು. ಅಜ್ಜಿ ನನ್ನನ್ನು ನೋಡಿ, "ಸೌತೆ ಬೇರೆ ಯಾಕೆ, ಇವಳನ್ನೇ ಹರಿವಾಣದಲ್ಲಿ ಕೂರಿಸಿ, ಅದಕ್ಕಿಂತ ಹಳದಿ ಇದ್ದಾಳೆ" ಎಂದರು.

ಮೂಟಿನಲ್ಲಿ ಗೆದ್ದದ್ದನ್ನು ಅಳುತ್ತಾ ಬರೆದವಳನ್ನು ನಾನು ಇದೇ ಮೊದಲು ನೋಡಿದ್ದು. ಜಡ್ಜ್ ಆಗಿ ಬಂದವರು ‘ಈ ಹುಡುಗಿಗೆ ಪರ್ಮಿಟ್ ವಿಷಯ ಒಳಗಿನಿಂದ ಗೊತ್ತುಂಟು’ ಎಂದರಂತೆ! ಅವರಿಗೆ ಎಷ್ಟು ಒಳಗಿನಿಂದ ಎಂದು ಗೊತ್ತಿಲ್ಲ.

ನಿನ್ನ ಉಪ್ಪನ ಕಾಗದ ನಕಲು ಮಾಡಿ ಕಳಿಸಿದ್ದೀಯಲ್ಲ, ಅದನ್ನು ಓದಿದೆ. ಅವರು ಕೇಳಿದ್ದು ಪೂರ್ತಿ ಬರೆ ಎಂದು. ನೀನು ಮೊದಲು ಅರ್ಧ ಬರೆದದ್ದಕ್ಕೇ ಇದೆಲ್ಲ ಆದದ್ದು. ಈಗ ಹೆದರಿ ಪುನಃ ಅರ್ಧ ಬರೆಯಬೇಡ. ಗೆದ್ದದ್ದನ್ನೂ ಬರೆ. ಇಲ್ಲದಿದ್ದರೆ ಜೀವಮಾನ ಇಡೀ ಆ ಬಹುಮಾನದ ಕಪ್ಪನ್ನು ಟ್ರಂಕಿನಲ್ಲಿ ಅಡಗಿಸಬೇಕಾದೀತು.

ನಿನ್ನ ಹಳದಿ
ವಸುಧಾ


ಮೂಡುಬಿದಿರೆ
20-4-2026

ಪ್ರೀತಿಯ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ನಿನ್ನೆ ಫೋನಿನಲ್ಲಿ ನೀವು "ಇಲ್ಲಿ ಎಲ್ಲ ಸರಿ ಉಂಟು" ಎಂದಿರಿ. ನಾನು "ಇಲ್ಲೂ ಸರಿ ಉಂಟು" ಎಂದೆ. ಅಷ್ಟರಲ್ಲಿ ಮೇಡಂ ಪೆನ್ನು ಕುಟ್ಟಿದರು. ಲಾರಿ ಸಿಕ್ಕಿತಾ ಎಂದು ಕೇಳಲಿಕ್ಕೂ ನನ್ನಿಂದ ಆಗಲಿಲ್ಲ.

301 ಪೂರ್ತಿ ಹೀಗುಂಟು: "ಈ ಭಾಗದ ಇತರ ಉಪಬಂಧಗಳಿಗೆ ಒಳಪಟ್ಟು, ಭಾರತದಾದ್ಯಂತ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರ ಮುಕ್ತವಾಗಿರತಕ್ಕದ್ದು." ಮೊದಲಿನ ತುಂಡನ್ನು ನಾನು ನಿಮಗೆ ಬರೆದಿರಲಿಲ್ಲ. ಅದು ನನಗೆ ಮುಖ್ಯ ಅಂತ ಕಾಣಲಿಲ್ಲ. ಈಗ ನೋಡಿದರೆ ಕಾನೂನಿನ ಪುಸ್ತಕದ ಎಲ್ಲ ಪುಟದಲ್ಲೂ ‘ಒಳಪಟ್ಟು’ ಉಂಟು. ನಮ್ಮ ಹಾಸ್ಟೆಲಿನ ರೂಲ್ ಬುಕ್ಕಿನಲ್ಲೂ ‘ನಿಯಮಗಳಿಗೆ ಒಳಪಟ್ಟು ವಿದ್ಯಾರ್ಥಿನಿಯರು ಸ್ವತಂತ್ರರು’ ಅಂತಲೇ ಉಂಟು.

ಅದಲ್ಲದೆ, ಪರ್ಮಿಟ್ ಎನ್ನುವುದು ತಡೆಯೇ ಅಲ್ಲವಂತೆ. ಎಡಬದಿಯಲ್ಲಿ ಹೋಗಿ ಎಂಬ ನಿಯಮ ಇದ್ದರೆ ಹೇಗೆ ಎಲ್ಲರಿಗೂ ಹೋಗಲಿಕ್ಕೆ ಸುಲಭವೋ, ಹಾಗೆ ಪರ್ಮಿಟ್ ಕೂಡ ಸಂಚಾರಕ್ಕೆ ಸಹಾಯ, ಕೋರ್ಟು ಯಾವತ್ತೋ ಹೇಳಿಬಿಟ್ಟಿದೆ. ಇದನ್ನು ನಾನು ಓದಿದ್ದು ಮಾತ್ರ ಅಲ್ಲ ಉಪ್ಪ. ಕಾಲೇಜಿನ ಮೂಟ್ ಕೋರ್ಟಿನಲ್ಲಿ ಸರ್ಕಾರದ ಕಡೆಯಿಂದ ನಿಂತು ಹೇಳಿದೆ. ನೀವು ಪೆರ್ಲದಲ್ಲಿ ಲಾರಿಯೊಳಗೆ ಕೂತಿದ್ದಾಗ, ನಾನು ಇಲ್ಲಿ ಬಿಳಿ ಚೂಡಿದಾರ್, ಕಪ್ಪು ಕೋಟು ಹಾಕಿ, ನಿಮ್ಮನ್ನು ನಿಲ್ಲಿಸಿದ್ದು ಸರಿ ಅಂತ ವಾದಿಸಿದೆ. ಗೆದ್ದೆ. ಕಪ್ ಕೊಟ್ಟಿದ್ದಾರೆ.

ನನಗೆ ಮನೆಗೆ ಬರಬೇಕು. ಮೇ ಮೊದಲ ವಾರ ಎರಡು ದಿನ ರಜೆ ಉಂಟು. ಔಟ್ ಪಾಸ್ ಫಾರ್ಮ್ ಇದರೊಟ್ಟಿಗೆ ಇಟ್ಟಿದ್ದೇನೆ. ನಿಮ್ಮ ಸಹಿ ಇಲ್ಲದೆ ಗೇಟು ದಾಟಲಿಕ್ಕಿಲ್ಲ. ಬೈಯುವುದಾದರೆ ಎದುರಿಗೇ ಬೈಯಿರಿ.

ನಿಮ್ಮ
ಫಾಹಿಮಾ


ವಿಟ್ಲ
26-4-2026

ಮಗಳು ಫಾಹಿಮಾಳಿಗೆ,

ಲಾರಿ ಮನೆಗೆ ಬಂದಿದೆ. ವಿಷು ಕಳೆದು ಮರುದಿನ ಬಿಟ್ಟರು. ನಿಝಾಮ್ ಇನ್ನು ತನಗೆ ಬೇಡ ಎಂದ, ಅವನದ್ದೂ ತಪ್ಪಲ್ಲ. ಸೇಸಮ್ಮನ ಹತ್ತಿರ ಹೋಗಿ ತಲೆತಗ್ಗಿಸಿ ನಿಂತೆ. "ಕಾಯಿಗೆ ಎಂತ ಆಗ್ಲಿಲ್ಲ ಸಾಹೇಬ್ರೇ, ದಿನ ಹೋಯ್ತು ಅಷ್ಟೆ" ಎಂದರು. ಸ್ವಲ್ಪವನ್ನು ಬಿ.ಸಿ.ರೋಡಿನಲ್ಲಿ ಸಾಂಬಾರಿನ ರೇಟಿಗೆ ಕೊಟ್ಟೆ. ಉಳಿದದ್ದನ್ನು ಉಮ್ಮ ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ಪಕಾಸಿನ ಮರಗಳಿಗೆಲ್ಲ ನೇತುಹಾಕಿದ್ದಾಳೆ. ಮಳೆಗಾಲ ಮುಗಿಯುವವರೆಗೆ ಬರುತ್ತದೆ. ಲಾರಿ ಯಾಕೆ ಕೊಂಡದ್ದು ಎಂದು ಈಗ ಅವಳಿಗೂ ಗೊತ್ತಾಗಿದೆ. ಮೇಲೆ ನೋಡಿ ಕಾಯಿ ಎಣಿಸಿದಳು, ಅಷ್ಟೆ.

ಒಂದು ಸಂಗತಿ ನಿನಗೆ ಹೇಳಬೇಕು. ವಿಷುವಿನ ಹಿಂದಿನ ಸಂಜೆ ಆ ಅಧಿಕಾರಿ ಲಾರಿಯ ಹತ್ತಿರ ಬಂದು ಟಾರ್ಪಾಲಿನ ಅಂಚು ಎತ್ತಿ ನೋಡಿದರು. ಆಮೇಲೆ ಮೆಲ್ಲ, "ಕಾಕ, ಮನೆಯಲ್ಲಿ ಕಣಿಗೆ ಸೌತೆ ಸಿಕ್ಕಲಿಲ್ಲವಂತೆ" ಎಂದರು. ಇದ್ದದ್ದರಲ್ಲಿ ಚಂದದ್ದನ್ನು ಆರಿಸಿ ಕೊಟ್ಟೆ. ಹಣ ಕೊಡದೆ ತೆಗೆದುಕೊಳ್ಳಲಿಲ್ಲ. ನಮ್ಮ ಇಡೀ ಲೋಡಿನಲ್ಲಿ ಆ ಒಂದು ಕಾಯಿ ಮಾತ್ರ ಕಾಸರಗೋಡು ತಲುಪಿತು. ಮರುದಿನ ಬೆಳಿಗ್ಗೆ ಎದ್ದು ಹಿಂದೆ ತಿರುಗಿದರೆ ಟಾರ್ಪಾಲು ಜಾರಿ, ಲಾರಿ ತುಂಬಾ ಹಳದಿ. ಆ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಕಣಿ ಕಂಡವ ನಾನೇ ಇರಬೇಕು.

ನಿನ್ನ ವಾದ ಎರಡು ಸಲ ಓದಿದೆ. ಎಡಬದಿಯ ಮಾತು ಸರಿ ಉಂಟು. ಡ್ರೈವರ್ ಆದ ನನಗೆ ಅದು ಗೊತ್ತಾಗುತ್ತದೆ. ಗೆದ್ದದ್ದಕ್ಕೆ ಯಾಕೆ ಬೈಯುವುದು? ಕಪ್ ತಾ, ಉಮ್ಮ ನೋಡಲಿ. ಆದರೆ ಎಡಬದಿಯಲ್ಲೇ ಹೋಗುತ್ತಿದ್ದವ ಅಷ್ಟು ದಿನ ಅಲ್ಲೇ ನಿಂತಿರಬೇಕಾದರೆ ಅದಕ್ಕೆ ಏನು ಹೇಳುವುದು, ಅದನ್ನು ಮುಂದಿನ ವರ್ಷ ಕಲಿಸಿದರೆ ಬರೆ.

ಔಟ್ ಪಾಸಿನಲ್ಲಿ ಸಹಿ ಹಾಕಿದ್ದೇನೆ. ಈ ಸಲ ತಪ್ಪಲಿಲ್ಲ. ಫಾರ್ಮಿನಲ್ಲಿ ಎರಡು ಗೆರೆ ಇತ್ತು. ಕೆಳಗಿನ ಗೆರೆಯ ಇಂಗ್ಲಿಷ್ ಪದ ನೋಡಿದ ಕೂಡಲೇ ಗುರುತು ಸಿಕ್ಕಿತು. ಕೇಸಿನ ಕಾಗದದಲ್ಲಿ ಅದು ಅಷ್ಟು ಸಲ ಇತ್ತಲ್ಲ, ‘ಕೌಂಟರ್‌ಸೈನ್ಡ್’. ಪಾಸು ಕೊಟ್ಟವರು ಹಾಕುವ ಸಹಿ ಅಲ್ಲ ಅದು, ಯಾರ ಕಡೆಗೆ ಹೋಗುವುದೋ ಆ ಕಡೆಯವರು ಒಪ್ಪಿ ಹಾಕುವ ಸಹಿ. ಪಾಸು ಕೊಡುವುದು ಹಾಸ್ಟೆಲು. ನೀನು ಬರುವುದು ನಮ್ಮ ಕಡೆಗೆ. ಹಾಗಾದರೆ ಅಲ್ಲಿ ಹಾಕಬೇಕಾದವ ನಾನಲ್ಲದೆ ಮತ್ಯಾರು? ಅಲ್ಲೇ ಹಾಕಿದ್ದೇನೆ, ದಪ್ಪ ಪೆನ್ನಿನಲ್ಲಿ.

ಶನಿವಾರ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.

ನಿನ್ನ ಉಪ್ಪ


ಮೂಡುಬಿದಿರೆ
1-5-2026

ವಸು,

ನಾನು ಮನೆಗೆ ಹೋಗುವುದಿಲ್ಲ.

ಬ್ಯಾಗ್ ಕಟ್ಟಿ, ಕಪ್ಪನ್ನು ಟವೆಲಿನಲ್ಲಿ ಸುತ್ತಿ ಆಗಿತ್ತು. ಮೇಡಂ ಫಾರ್ಮ್ ನೋಡಿ ನಕ್ಕರು. "ಎಂತದು ಇದು? ನಿಮ್ಮಪ್ಪ ನನ್ನ ಜಾಗದಲ್ಲಿ ಸಹಿ ಹಾಕಿದ್ದಾರಲ್ಲ! ಇನ್ನು ವಾರ್ಡನ್ ಕೆಲಸವೂ ಅವರೇ ಮಾಡ್ಲಿ." ಸಿಟ್ಟಿನಲ್ಲಿ ಹೇಳಿದ್ದಲ್ಲ. ಪೇರೆಂಟ್ ಎಂಬ ಗೆರೆ ಖಾಲಿ, ಅವರ ಗೆರೆಯ ಮೇಲೆ ಉಪ್ಪನ ಹೆಸರು ದಪ್ಪಕ್ಕೆ, ಸ್ಪಷ್ಟ ಕನ್ನಡದಲ್ಲಿ, ಕೆಳಗೊಂದು ಚುಕ್ಕೆ ಸಮೇತ.

ಕಾನೂನಿನ ಪ್ರಕಾರ ಉಪ್ಪನೇ ಸರಿ ವಸು. ನಾನು ಬೇಕಾದರೆ ಮೂಟಿನಲ್ಲಿ ನಿಂತು ಹೇಳುತ್ತೇನೆ. ಮೇಡಂ ಮೇಜಿನ ಎದುರು ಮಾತ್ರ ನನ್ನಿಂದಾಗುವುದಿಲ್ಲ.

ಮೇಡಂ ಒಳ್ಳೆಯವರೇ. "ಇರು, ಬೇರೆ ಫಾರ್ಮ್ ತಗೋ. ನಿಮ್ಮಪ್ಪನಿಗೆ ಫೋನ್ ಮಾಡಿ, ಎಲ್ಲಿ ಸಹಿ ಹಾಕ್ಬೇಕು ಅಂತ ನಾನೇ ಹೇಳ್ತೇನೆ. ಈಗಲೇ ಬಂದು ಹಾಕಿ ಕರ್ಕೊಂಡು ಹೋಗ್ಲಿ" ಎಂದು ರಿಸೀವರ್ ಎತ್ತಿದರು.

ನನಗೆ ಆ ಲ್ಯಾಮಿನೇಷನ್ ನೆನಪಾಯಿತು. ಪೆರ್ಲದಲ್ಲಿ ಎಲ್ಲರೂ ನಕ್ಕು, ಉಪ್ಪನೂ ನಕ್ಕದ್ದು. ಈ ಸಲ ತಪ್ಪಲಿಲ್ಲ ಅಂತ ಬರೆದಿದ್ದಾರೆ ವಸು.

"ಬೇಡ ಮೇಡಂ" ಎಂದೆ. "ನಾನೇ ಹೋಗುವುದಿಲ್ಲ. ಓದಲಿಕ್ಕುಂಟು. ಪರೀಕ್ಷೆ ಇರುವುದರಿಂದ ಬರುವುದಿಲ್ಲ ಅಂತ ಮಾತ್ರ ಹೇಳಿ."

ಅವರು ನನ್ನನ್ನು, ಬ್ಯಾಗನ್ನು ನೋಡಿದರು. ಫೋನಿನಲ್ಲಿ ಅಷ್ಟೇ ಹೇಳಿದರು. ನಾನು ಅಲ್ಲೇ ನಿಂತಿದ್ದೆ. ಆ ಕಡೆಯಿಂದ ಉಪ್ಪನ "ಆಯ್ತು ಮೇಡಂ" ಮಾತ್ರ ಕೇಳಿತು.

ಎಲ್ಲರೂ ಹೋಗಿದ್ದಾರೆ. ಮೆಸ್ಸಿನಲ್ಲಿ ಸೌತೆ ಸಾಂಬಾರು.

ಫಾಹಿ


ಮೂಡುಬಿದಿರೆ
3-5-2026

ಪ್ರೀತಿಯ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ಬರಲಾಗದ್ದಕ್ಕೆ ಬೇಸರ ಮಾಡಬೇಡಿ. ಸಹಿ ಸರಿಯಾಗಿತ್ತು. ಮೇಡಂ ನೋಡಿ, ನಿಮ್ಮಪ್ಪನ ಅಕ್ಷರ ಚಂದ ಉಂಟು ಎಂದರು. ನಾನೇ ಓದಲಿಕ್ಕೆ ಉಳಿದುಕೊಂಡೆ. ಪರೀಕ್ಷೆ ಇದೇ ವಾರ.

ಮಾಡಿನಲ್ಲಿ ನನಗೆ ಒಂದು ಸೌತೆ ಉಳಿಸಲಿಕ್ಕೆ ಉಮ್ಮನಿಗೆ ಹೇಳಿ.

ನಿಯಮಗಳಿಗೆ ಒಳಪಟ್ಟು,
ನಿಮ್ಮ ಫಾಹಿಮಾ


ವಿಟ್ಲ
9-5-2026

ಮಗಳು ಫಾಹಿಮಾಳಿಗೆ ಉಪ್ಪನ ಸಲಾಂ.

ಕಾಗದ ಸಿಕ್ಕಿತು. ಈ ಸಲ ಒತ್ತಕ್ಷರ ಒಂದೂ ಜಾರಲಿಲ್ಲ. ಬಹಳ ಯೋಚನೆ ಮಾಡಿ ಬರೆದಿರಬೇಕು.

ನಿನ್ನ ಕಾಗದಗಳನ್ನೆಲ್ಲ ನಾನು ಪುನಃ ಪುನಃ ಓದುವವ. ಪರೀಕ್ಷೆ ಜೂನ್‌ನಲ್ಲಿ ಎಂದು ನೀನು ಜನವರಿಯಲ್ಲೇ ಬರೆದಿದ್ದೆ.

ಸೌತೆ ಉಮ್ಮ ಉಳಿಸಿದ್ದಾಳೆ, ನಿನ್ನ ಮಂಚದ ನೇರ ಮೇಲೆ. ಲಾರಿಗೆ ಈಗ ಬಂಟ್ವಾಳ, ವಾಮದಪದವು ಕಡೆಯ ಬಾಡಿಗೆ ಸಿಕ್ಕುತ್ತದೆ. ಗಡಿಯ ಕಡೆ ಹೋಗುವುದಿಲ್ಲ. ಸೋಮವಾರ ಬೆಳುವಾಯಿಗೆ ಹೋಗಲಿಕ್ಕುಂಟು, ಹಾರ್ನ್ ಹೊಡೆಯುತ್ತೇನೆ.

ಇನ್ನು ಮುಂದೆ ಎರಡು ಫಾರ್ಮ್ ಕಳಿಸು. ಒಂದರಲ್ಲಿ ಮೇಲಿನ ಗೆರೆಯಲ್ಲಿ ಹಾಕುತ್ತೇನೆ, ಇನ್ನೊಂದರಲ್ಲಿ ಕೆಳಗಿನದರಲ್ಲಿ. ಯಾವುದು ನಡೆಯುತ್ತದೋ ಅದನ್ನು ಕೊಟ್ಟು ಬಾ.

ನಿನ್ನ ಉಪ್ಪ